ಯೂರೋಪಿನ ರೈಲು: ಅನಿರೀಕ್ಷಿತ ದಂಡ ತಪ್ಪಿಸುವುದು, ತಡವಾದಾಗ ಹಣ ಪಡೆಯುವುದು ಹೇಗೆ?

ಯೂರೋಪ್ ಪ್ರವಾಸ ಹೊರಟವರು, ಅಲ್ಲಿ ಓದುತ್ತಿರುವ ಮಕ್ಕಳನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಎರಡು. ಕೈಯಲ್ಲಿ ಟಿಕೆಟ್ ಇದ್ದರೂ ಟಿಸಿ ದಂಡ ಹಾಕಿದ್ದು ಯಾಕೆ? ಮೊದಲ ರೈಲು ತಡವಾಗಿ ಮುಂದಿನದು ತಪ್ಪಿದರೆ ಹೊಸ ಟಿಕೆಟ್ಟಿನ ದುಡ್ಡು ಯಾರ ತಲೆಗೆ? ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ನಿಮ್ಮ ಟಿಕೆಟ್ ಯಾವುದಕ್ಕೆ ಕಟ್ಟುಬಿದ್ದಿದೆ ಎಂದು ನೋಡಬೇಕು: ಒಂದು ರೈಲಿಗೋ, ಒಂದು ದಿನಕ್ಕೋ, ಒಂದು ಕಂಪನಿಗೋ, ಒಬ್ಬ ವ್ಯಕ್ತಿಗೋ.

ನಮ್ಮಲ್ಲಿ ರಿಸರ್ವೇಶನ್ ಟಿಕೆಟ್ ಅಂದರೆ ರೈಲು, ದಿನ, ಬೋಗಿ, ಸೀಟು ಎಲ್ಲವೂ ಒಂದೇ ಪಿಎನ್‌ಆರ್ ಒಳಗೆ ಬಂದುಬಿಡುತ್ತದೆ. ಯೂರೋಪಿನಲ್ಲಿ ಇವು ಬೇರೆ ಬೇರೆ ಸಾಮಾನುಗಳು, ದೇಶದಿಂದ ದೇಶಕ್ಕೆ ರೂಢಿಯೂ ಬೇರೆ. ಹಾಗೆಯೇ, ನಮ್ಮ ಸಾಮಾನ್ಯ ರೈಲುಗಳಲ್ಲಿ 3 ಗಂಟೆಗಿಂತ ಹೆಚ್ಚು ತಡವಾದಾಗ ಪ್ರಯಾಣ ಕೈಬಿಟ್ಟು ಟಿಡಿಆರ್ ಹಾಕಿದರೆ ಹಣ ವಾಪಸ್ ಬರುತ್ತದೆ. ಹತ್ತಿ ಹೋಗಿ ತಡವಾಗಿ ಇಳಿದವರಿಗೆ ಏನೂ ಇಲ್ಲ. ಆ ಅಭ್ಯಾಸದಿಂದ ಎಷ್ಟೋ ಜನ ಯೂರೋಪಿನಲ್ಲೂ ಸುಮ್ಮನೆ ಇಳಿದು ಹೋಗುತ್ತಾರೆ. ಅಲ್ಲಿ ತಡವಾಗಿ ತಲುಪಿದ್ದಕ್ಕೂ ಪರಿಹಾರವಿದೆ, ಅದಕ್ಕೆ ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಯಾರೂ ಕೇಳುವಂತಿಲ್ಲ.

ಮೊದಲು ಕೈಯಲ್ಲಿರಬೇಕಾದ್ದು

ಪಾಸ್‌ಪೋರ್ಟ್ ಮೂಲಪ್ರತಿಯೇ ಬೇಕು, ಫೋಟೋ ಸಾಲದು. ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಕೂಟ) ಒಳಗೆ ಗಡಿ ಇಲ್ಲ ಎನ್ನುವುದು ಈಗ ಪೂರ್ತಿ ನಿಜವಲ್ಲ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಶುರು ಮಾಡಿತು. ಪೊಲೀಸರು ರೈಲಿನೊಳಗೂ ಬರುತ್ತಾರೆ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ಮೊದಲೇ ಆನ್ ಮಾಡಿಡಿ, ಒಟಿಪಿ ಬರುವ ಸಿಮ್ ರೋಮಿಂಗ್‌ನಲ್ಲಿರಲಿ. ಟಿಕೆಟ್ ಯಂತ್ರ "ರೂಪಾಯಿಯಲ್ಲಿ ಕಡಿತ ಮಾಡಲೇ" ಎಂದು ಕೇಳಿದರೆ ಬೇಡವೆಂದು ಯೂರೋವನ್ನೇ ಆರಿಸಿ. ರೂಪಾಯಿ ಆರಿಸಿದರೆ ವಿನಿಮಯ ದರವನ್ನು ಯಂತ್ರದ ಕಡೆಯವರು ನಿಗದಿ ಮಾಡುತ್ತಾರೆ, ಅದು ಸಾಮಾನ್ಯವಾಗಿ ನಿಮಗೆ ನಷ್ಟ.

ಹೆಸರಿನ ವಿಷಯ ಕನ್ನಡಿಗರಿಗೆ ವಿಶೇಷವಾಗಿ ಮುಖ್ಯ. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿರುವವರು ಒಂದು ಟಿಕೆಟ್‌ನಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ವಿಸ್ತರಿಸಿದ ಹೆಸರು ಹಾಕಿಬಿಡುತ್ತಾರೆ. ಅಗ್ಗದ ಟಿಕೆಟ್‌ಗಳು ವ್ಯಕ್ತಿಗೆ ಕಟ್ಟುಬಿದ್ದವು, ಗುರುತಿನ ಚೀಟಿ ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೆಯೇ ಹಾಕಿ.

1. ಟಿಕೆಟ್ಟಿನ ಬಗೆ ಓದಿ, ಆಮೇಲೆ ಬೆಲೆ ನೋಡಿ

ದೂರದ ರೈಲುಗಳ ದರ ವಿಮಾನದಂತೆ ದಿನ ಕಳೆದಂತೆ ಏರುತ್ತದೆ. ಬೇಗ ಕೊಂಡರೆ ಅಗ್ಗ, ನಿಜ. ಆದರೆ ಅಗ್ಗದ ಬೆಲೆಗೆ ನೀವು ಬಿಟ್ಟುಕೊಟ್ಟದ್ದು ಏನೆಂದು ತಿಳಿದಿರಬೇಕು.

ಜರ್ಮನಿಯ ಡಾಯ್ಚ ಬಾನ್ ಕಂಪನಿಯ ದರಗಳನ್ನೇ ನೋಡಿ. ಸೂಪರ್ ಸ್ಪಾರ್‌ಪ್ರೈಸ್ ಎಲ್ಲಕ್ಕಿಂತ ಅಗ್ಗ, ರದ್ದು ಮಾಡಲು ಬರುವುದಿಲ್ಲ. ಸ್ಪಾರ್‌ಪ್ರೈಸ್ ರದ್ದಾಗುತ್ತದೆ, ಶುಲ್ಕ ಕಡಿದು ಉಳಿದದ್ದು ವೋಚರ್ ಆಗಿ ಬರುತ್ತದೆ, ಅದೂ ಪ್ರಯಾಣದ ದಿನಕ್ಕೆ ಮುಂಚೆ ಮಾಡಿದರೆ. ಫ್ಲೆಕ್ಸ್‌ಪ್ರೈಸ್ ದುಬಾರಿ, ಆದರೆ ಆ ದಿನ ಆ ಮಾರ್ಗದ ಯಾವ ರೈಲಿಗಾದರೂ ನಡೆಯುತ್ತದೆ. ಮೊದಲ ಎರಡಕ್ಕೂ ತ್ಸೂಗ್‌ಬಿಂಡುಂಗ್ ಅಂಟಿಕೊಂಡಿರುತ್ತದೆ. ಅಂದರೆ ಐಸಿಇ, ಐಸಿ ಮುಂತಾದ ದೂರದ ರೈಲುಗಳಲ್ಲಿ ಟಿಕೆಟ್ಟಿನಲ್ಲಿ ಬರೆದ ಸಂಖ್ಯೆಯ ರೈಲನ್ನೇ ಹತ್ತಬೇಕು. ನಿಲ್ದಾಣಕ್ಕೆ ಬೇಗ ಬಂದಿರಿ, ಅದೇ ಊರಿಗೆ ಹೋಗುವ ಹಿಂದಿನ ಐಸಿಇ ಎದುರಿಗೇ ನಿಂತಿದೆ ಎಂದು ಹತ್ತಿದರೆ ಕಾನೂನಿನ ಲೆಕ್ಕದಲ್ಲಿ ಟಿಕೆಟ್ ಇಲ್ಲದ ಪ್ರಯಾಣಿಕರು ನೀವು. "ಬೇಗ ಹೋದರೆ ಏನಾಯಿತು" ಎನ್ನುವ ವಾದ ನಡೆಯುವುದಿಲ್ಲ.

ಮಕ್ಕಳ ವಿಷಯದಲ್ಲೂ ಒಂದು ಹೊಂಡವಿದೆ. ಜರ್ಮನಿಯಲ್ಲಿ 6ರಿಂದ 14 ವರ್ಷದ ಮಕ್ಕಳು ದೊಡ್ಡವರ ಜೊತೆ ಉಚಿತ. ಆದರೆ ಬುಕ್ ಮಾಡುವಾಗಲೇ ಮಕ್ಕಳ ಸಂಖ್ಯೆ ಟಿಕೆಟ್ಟಿನಲ್ಲಿ ನಮೂದಾಗಿರಬೇಕು. ಆಮೇಲೆ ರೈಲಿನಲ್ಲಿ ಸೇರಿಸಲಾಗದು. ದುಡ್ಡು ಬೀಳುವುದಿಲ್ಲವಲ್ಲ ಎಂದು ನಮೂದಿಸದೆ ಬಿಡಬೇಡಿ.

ಡಾಯ್ಚ್‌ಲಾಂಡ್‌ಟಿಕೆಟ್ ಬಗ್ಗೆ ತುಂಬ ಜನ ಕೇಳುತ್ತಾರೆ. 2026ರ ಜನವರಿಯಿಂದ ತಿಂಗಳಿಗೆ 63 ಯೂರೋ, ದೇಶದ ಉದ್ದಗಲಕ್ಕೂ ಪ್ರಾದೇಶಿಕ ರೈಲು, ನಗರದ ಬಸ್, ಮೆಟ್ರೋ, ಟ್ರಾಮ್‌ಗೆ ನಡೆಯುತ್ತದೆ. ಡಾಯ್ಚ ಬಾನಿನ ಐಸಿಇ, ಐಸಿ, ಇಸಿ ರೈಲುಗಳಿಗೆ ಇಲ್ಲ. ಆ್ಯಪ್‌ನಲ್ಲಿ ರೈಲು ಹುಡುಕುವಾಗ "ಪ್ರಾದೇಶಿಕ ರೈಲು ಮಾತ್ರ" ಎನ್ನುವ ಆಯ್ಕೆ ಒತ್ತಿದರೆ ಈ ಗೊಂದಲ ತಪ್ಪುತ್ತದೆ. ಇನ್ನೂ ದೊಡ್ಡ ಹೊಡೆತ ಬೇರೆ ಕಡೆಯಿಂದ ಬರುತ್ತದೆ: ಇದು ಚಂದಾ, ತಾನಾಗಿ ನವೀಕರಣಗೊಳ್ಳುತ್ತದೆ. ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ನೀವು ಬೆಂಗಳೂರಿಗೆ ವಾಪಸ್ ಬಂದಮೇಲೂ ಮುಂದಿನ ತಿಂಗಳ ಹಣ ಕಡಿತವಾಗುತ್ತದೆ. ಕೊಂಡ ದಿನವೇ ರದ್ದತಿಯನ್ನೂ ಹಾಕಿಬಿಡುವುದು ಒಳ್ಳೆಯದು. ಆ ತಿಂಗಳ ಕೊನೆಯವರೆಗೂ ಟಿಕೆಟ್ ನಡೆಯುತ್ತದೆ.

2. ಸೀಟು ಮತ್ತು ಪಾಸು

ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಒಳಗಿನ ಹೆಚ್ಚಿನ ರೈಲುಗಳಲ್ಲಿ ಟಿಕೆಟ್ ಅಂದರೆ ಹತ್ತುವ ಹಕ್ಕು ಮಾತ್ರ. ಸೀಟಿಗೆ ಬೇರೆ ಹಣ, ಅದು ಕಡ್ಡಾಯವಲ್ಲ. ಐಸಿಇಯಲ್ಲಿ ಸೀಟಿನ ಮೇಲ್ಭಾಗದ ಸಣ್ಣ ಫಲಕ ನೋಡಿ: "ಮ್ಯೂನ್‌ಶೆನ್–ಫ್ರಾಂಕ್‌ಫರ್ಟ್" ಎಂದಿದ್ದರೆ ಆ ಎರಡು ಊರುಗಳ ನಡುವೆ ಬೇರೆಯವರು ಕಾದಿರಿಸಿದ್ದಾರೆ. ಫ್ರಾಂಕ್‌ಫರ್ಟ್ ದಾಟಿದ ಮೇಲೆ ನೀವು ಕೂರಬಹುದು. ನೀವೇ ಕಾದಿರಿಸಿದ್ದರೆ ರೈಲು ಹೊರಟ 15 ನಿಮಿಷದೊಳಗೆ ಹೋಗಿ ಕೂರಿ, ಆಮೇಲೆ ಆ ಸೀಟಿನ ಮೇಲೆ ನಿಮಗೆ ಹಕ್ಕಿಲ್ಲ.

ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೋಸ್ಸಾ, ಸ್ಪೇನಿನ ಎವಿಇ, ಯೂರೋಸ್ಟಾರ್, ರಾತ್ರಿಯ ನೈಟ್‌ಜೆಟ್ ರೈಲುಗಳಲ್ಲಿ ಸೀಟು ಕಡ್ಡಾಯ. ಟಿಕೆಟ್ ಕೊಂಡವರಿಗೆ ಬೆಲೆಯಲ್ಲೇ ಸೇರಿರುತ್ತದೆ. ಸಿಕ್ಕಿಬೀಳುವವರು ಪಾಸು ಹೊಂದಿದವರು, ಅಂದರೆ ಪ್ರತಿ ಪ್ರಯಾಣಕ್ಕೆ ಬೇರೆ ಟಿಕೆಟ್ ಕೊಳ್ಳದೆ ಹಲವು ದೇಶಗಳ ರೈಲುಗಳಲ್ಲಿ ಇಷ್ಟು ದಿನ ಎಂದು ಓಡಾಡುವ ಪಾಸು ಕೊಂಡವರು. ಭಾರತದಲ್ಲಿ ನೆಲೆಸಿದವರಿಗೆ ಯೂರೇಲ್, ಯೂರೋಪಿನಲ್ಲೇ ವಾಸವಿರುವವರಿಗೆ ಇಂಟರ್‌ರೇಲ್. ಎರಡರ ಕೆಲಸ ಒಂದೇ, ಎರಡರಲ್ಲೂ ಕಡ್ಡಾಯ ಸೀಟಿನ ಹಣ ಬೇರೆಯೇ ಕೊಡಬೇಕು. ಫ್ರಾನ್ಸಿನ ಒಳಗಿನ ಟಿಜಿವಿಗೆ 10ರಿಂದ 20 ಯೂರೋ, ಯೂರೋಸ್ಟಾರ್‌ಗೆ ಸುಮಾರು 30 ಅಥವಾ ಅದಕ್ಕೂ ಹೆಚ್ಚು. ಪಾಸಿನವರಿಗೆ ಮೀಸಲಾದ ಸೀಟುಗಳು ಮಿತಿಯಲ್ಲಿರುತ್ತವೆ. ರೈಲು ಖಾಲಿ ಇದ್ದರೂ ಆ ಪಾಲು ಮುಗಿದರೆ ಪೂರ್ತಿ ಟಿಕೆಟ್ ಕೊಳ್ಳಬೇಕಾಗುತ್ತದೆ. ನಾಲ್ಕು ಜನರ ಕುಟುಂಬ ಪ್ಯಾರಿಸ್ ಸುತ್ತಮುತ್ತಲೇ ಓಡಾಡುವುದಾದರೆ ಪಾಸಿಗಿಂತ ಮೊದಲೇ ಕೊಂಡ ಬಿಡಿ ಟಿಕೆಟ್ ಅಗ್ಗವಾಗುವುದೇ ಹೆಚ್ಚು, ಲೆಕ್ಕ ಹಾಕಿ ನೋಡಿ.

ಮೊಬೈಲ್ ಪಾಸಿನಲ್ಲಿ ಹತ್ತುವ ಮುನ್ನವೇ ಆ ರೈಲನ್ನು ಆ್ಯಪ್‌ಗೆ ಸೇರಿಸಿ, ಆ ದಿನವನ್ನು ಸಕ್ರಿಯ ಮಾಡಿ, ಕ್ಯೂಆರ್ ಕೋಡ್ ತೆರೆದಿಡಬೇಕು. ಟಿಸಿ ಬರುವುದನ್ನು ಕಂಡು ಸೇರಿಸುವುದು ತಪ್ಪು. ರಾತ್ರಿ ರೈಲಿಗೆ ಹೊರಡುವ ದಿನವೊಂದೇ ಲೆಕ್ಕಕ್ಕೆ ಬರುತ್ತದೆ. ಆದರೆ ಮಧ್ಯರಾತ್ರಿ ಕಳೆದಮೇಲೆ ಇನ್ನೊಂದು ರೈಲಿಗೆ ಬದಲಿಸಿದರೆ ಎರಡನೇ ದಿನವೂ ಖರ್ಚಾಗುತ್ತದೆ.

3. ಒಂದೇ ಒಪ್ಪಂದವೋ, ಎರಡೋ

ಈ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಹೊರಡುವ ಊರಿನಿಂದ ತಲುಪುವ ಊರಿನವರೆಗೆ, ನಡುವೆ ಎಷ್ಟು ರೈಲು ಬದಲಿಸಿದರೂ ಒಂದೇ ಸಾಗಣೆ ಒಪ್ಪಂದದಡಿ ಬರುವ ಟಿಕೆಟ್ಟಿಗೆ ಥ್ರೂ ಟಿಕೆಟ್ ಎನ್ನುತ್ತಾರೆ. ಇದರಲ್ಲಿ ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ನಿಮ್ಮನ್ನು ಕೊನೆಯ ಊರಿಗೆ ಮುಟ್ಟಿಸುವ ಹೊಣೆ ರೈಲ್ವೆಯದು. ಪರಿಹಾರಕ್ಕೂ ಕೊನೆಯ ಊರು ತಲುಪಿದ ಸಮಯವೇ ಲೆಕ್ಕ.

ಬಿಡಿ ಬಿಡಿಯಾಗಿ ಕೊಂಡರೆ ಏನಾಗುತ್ತದೆ? ಫ್ರಾಂಕ್‌ಫರ್ಟಿನಿಂದ ಬ್ರಸೆಲ್ಸ್‌ಗೆ ಐಸಿಇ, ಅಲ್ಲಿಂದ ಲಂಡನ್ನಿಗೆ ಯೂರೋಸ್ಟಾರ್ ಎಂದಿಟ್ಟುಕೊಳ್ಳಿ, ಎರಡು ಬೇರೆ ಟಿಕೆಟ್. ಐಸಿಇ 40 ನಿಮಿಷ ತಡ, ಯೂರೋಸ್ಟಾರ್ ತಪ್ಪಿತು, ಲಂಡನ್ ಮುಟ್ಟಿದ್ದು 3 ಗಂಟೆ ತಡವಾಗಿ. ಪರಿಹಾರ ಸೊನ್ನೆ. ಮೊದಲ ಟಿಕೆಟ್ಟಿನ ತಡ 60 ನಿಮಿಷ ದಾಟಿಲ್ಲ, ಎರಡನೇ ಟಿಕೆಟ್ಟಿನ ರೈಲು ಸಮಯಕ್ಕೆ ಸರಿಯಾಗಿಯೇ ಹೋಯಿತು.

ಒಂದೇ ಕಂಪನಿಯ ರೈಲುಗಳನ್ನು ಒಂದೇ ಬಾರಿಗೆ, ಒಂದೇ ಪಾವತಿಯಲ್ಲಿ ಕೊಂಡರೆ ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಅದು ಥ್ರೂ ಟಿಕೆಟ್. ಮಧ್ಯವರ್ತಿ ಜಾಲತಾಣಗಳು ಬೇರೆ ಬೇರೆ ಕಂಪನಿಗಳ ಟಿಕೆಟ್‌ಗಳನ್ನು ಜೋಡಿಸಿ ಒಂದೇ ಬೆಲೆ ತೋರಿಸುತ್ತವೆ, ಅಲ್ಲಿ ಎಚ್ಚರ. ಇವು ಪ್ರತ್ಯೇಕ ಒಪ್ಪಂದಗಳು ಎಂದು ಮೊದಲೇ ತಿಳಿಸಿ, ಟಿಕೆಟ್ಟಿನ ಮೇಲೂ ನಮೂದಿಸಿರಬೇಕು. ಹಾಗೆ ಮಾಡದೆ ತಾವೇ ಜೋಡಿಸಿ ಮಾರಿದ್ದರೆ, ಕನೆಕ್ಷನ್ ತಪ್ಪಿದಾಗ ಪೂರ್ತಿ ಹಣ ವಾಪಸ್ ಕೊಟ್ಟು ಅದರ ಮೇಲೆ ಶೇ. 75ರಷ್ಟು ಪರಿಹಾರವನ್ನೂ ಅವರು ಕೊಡಬೇಕು. ಹಣ ಕಟ್ಟುವ ಮುನ್ನ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ.

ಬಿಡಿ ಟಿಕೆಟ್ ಅನಿವಾರ್ಯವಾದರೆ ಎರಡು ಕೆಲಸ ಮಾಡಿ. ಒಂದು, ನಡುವೆ ಧಾರಾಳ ಸಮಯ ಬಿಡಿ. ಜರ್ಮನಿಯ ದೂರದ ರೈಲುಗಳಲ್ಲಿ 2024ರಲ್ಲಿ ಸಮಯಕ್ಕೆ ಬಂದವು ಶೇ. 62.5 ಮಾತ್ರ, ಅದೂ 6 ನಿಮಿಷಕ್ಕಿಂತ ಕಡಿಮೆ ತಡವನ್ನು "ಸಮಯಕ್ಕೆ" ಎಂದು ಎಣಿಸಿ. ಅಲ್ಲಿಂದ ಬರುವಾಗ ಒಂದು ಗಂಟೆಯಾದರೂ ಇರಲಿ, ಮುಂದೆ ಯೂರೋಸ್ಟಾರ್ ಇದ್ದರೆ ಎರಡು ಗಂಟೆ. ಯೂರೋಸ್ಟಾರ್ ಗೇಟು ಹೊರಡುವ 30 ನಿಮಿಷ ಮುಂಚೆಯೇ ಮುಚ್ಚುತ್ತದೆ, ಅದಕ್ಕೂ ಮೊದಲು ಪಾಸ್‌ಪೋರ್ಟ್ ಸಾಲು ದಾಟಬೇಕು. ಬ್ರಿಟನ್ನಿಗೆ ಬೇರೆ ವೀಸಾ ಬೇಕೆಂಬುದು ನಿಮಗೆ ಗೊತ್ತೇ ಇದೆ. ಪ್ಯಾರಿಸ್‌ನಲ್ಲಿ ಬದಲಿಸುವವರು ನಿಲ್ದಾಣದ ಹೆಸರು ನೋಡಿ: ಗಾರ್ ದ್ಯು ನಾರ್‌ಗೆ ಇಳಿದು ಗಾರ್ ದ ಲಿಯೋಂನಲ್ಲಿ ಹತ್ತಬೇಕಿದ್ದರೆ ನಡುವೆ ನಗರದೊಳಗಿನ ರೈಲು ಹಿಡಿಯಬೇಕು.

ಎರಡು, ಎಜೆಸಿ ಎನ್ನುವ ಹೆಸರು ನೆನಪಿಡಿ. ಅಗ್ರಿಮೆಂಟ್ ಆನ್ ಜರ್ನಿ ಕಂಟಿನ್ಯುಯೇಶನ್ ಎಂಬ ಈ ಒಡಂಬಡಿಕೆ ಹಲವು ರೈಲ್ವೆಗಳ ನಡುವೆ ಇದೆ. ದೇಶ ದಾಟುವ ಪ್ರಯಾಣದಲ್ಲಿ ಬಿಡಿ ಟಿಕೆಟ್ ಇದ್ದರೂ, ನೀವು ಸಾಕಷ್ಟು ಸಮಯ ಬಿಟ್ಟಿದ್ದು ರೈಲಿನ ತಡದಿಂದಲೇ ಮುಂದಿನದು ತಪ್ಪಿದ್ದರೆ, ಅದೇ ಕಂಪನಿಯ ಮುಂದಿನ ರೈಲಿನಲ್ಲಿ ಜಾಗವಿದ್ದಾಗ ಹೊಸ ಹಣವಿಲ್ಲದೆ ಕಳಿಸುತ್ತಾರೆ. ಇದು ಸೌಜನ್ಯ, ಪರಿಹಾರ ಕೇಳುವ ಹಕ್ಕಲ್ಲ. ತಡವಾದ ರೈಲಿನ ಸಿಬ್ಬಂದಿಯಿಂದ ದೃಢೀಕರಣ ಪಡೆದು, ಮುಂದಿನ ಕಂಪನಿಯ ಕೌಂಟರ್‌ಗೆ ಹೋಗಿ ಕೇಳಿ. ಕೇಳದೆ ನೇರ ಹತ್ತಬೇಡಿ.

4. ಹತ್ತುವ ಮುನ್ನ

ಇಟಲಿಯ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಸಮಯದ ಮುದ್ರೆ ಬೀಳದಿದ್ದರೆ ಅದು ಚಾಲ್ತಿಗೆ ಬಂದಿಲ್ಲ ಎಂದರ್ಥ. ಪ್ಲಾಟ್‌ಫಾರ್ಮ್ ಶುರುವಾಗುವ ಕಡೆ ಗೋಡೆಗೋ ಕಂಬಕ್ಕೋ ಚಿಕ್ಕ ಯಂತ್ರ ಇರುತ್ತದೆ. ಟಿಕೆಟ್ಟಿನ ತುದಿಯನ್ನು ಒಳಗೆ ತಳ್ಳಿ, ಕಿರ್ ಎಂದು ಮುದ್ರೆ ಬಿದ್ದಮೇಲೆ ಹೊರತೆಗೆದು ತಾರೀಖು, ಗಂಟೆ ಓದಲು ಬರುತ್ತದೆಯೇ ನೋಡಿ. ಶಾಯಿ ಒಣಗಿ ಮಸುಕಾಗಿದ್ದರೆ ಇನ್ನೊಂದು ಯಂತ್ರಕ್ಕೆ ಹೋಗಿ. ಯಂತ್ರವೇ ಕೆಟ್ಟಿದ್ದರೆ ಪೆನ್ನಿನಲ್ಲಿ ದಿನ, ಸಮಯ, ನಿಲ್ದಾಣ ಬರೆದು, ಟಿಸಿ ನಿಮ್ಮ ಬಳಿ ಬರುವ ಮೊದಲು ನೀವೇ ಹೋಗಿ ಹೇಳಿ. ಮುದ್ರೆ ಬಿದ್ದಮೇಲೆ 4 ಗಂಟೆ ನಡೆಯುತ್ತದೆ. ಮೊಬೈಲಿನ ಪ್ರಾದೇಶಿಕ ಟಿಕೆಟ್ಟಿಗೆ ಮುದ್ರೆಯ ಬದಲು ಚೆಕ್-ಇನ್ ಗುಂಡಿ ಇದೆ, ಹತ್ತುವ ಮುನ್ನ ಒತ್ತಬೇಕು. ಫ್ರೆಚ್ಚಾರೋಸ್ಸಾದಂಥ ಸೀಟು ನಿಗದಿಯಾದ ಟಿಕೆಟ್ಟಿಗೆ ಇದೊಂದೂ ಬೇಕಿಲ್ಲ.

ನೆದರ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕ್ ಕಾರ್ಡನ್ನೇ ತಾಗಿಸಿ ಒಳಹೋಗಿ, ಇಳಿದಮೇಲೆ ಅದನ್ನೇ ತಾಗಿಸಿ ಹೊರಬರಬಹುದು. ಹೊರಬರುವಾಗ ಮರೆತರೆ ಕಡಿಮೆ ದೂರಕ್ಕೂ ದೊಡ್ಡ ಮೊತ್ತ ಬೀಳುತ್ತದೆ. ಫೋನಿನೊಳಗಿನ ಕಾರ್ಡ್ ಮತ್ತು ಪ್ಲಾಸ್ಟಿಕ್ ಕಾರ್ಡ್ ಒಂದೇ ಖಾತೆಯದಾದರೂ ಯಂತ್ರಕ್ಕೆ ಅವು ಎರಡು. ಒಂದರಿಂದ ಒಳಹೋಗಿ ಇನ್ನೊಂದರಿಂದ ಹೊರಬಂದರೆ ಎರಡೂ ಅರ್ಧಪ್ರಯಾಣವಾಗಿ ಉಳಿಯುತ್ತವೆ. ಗಂಡ ಹೆಂಡತಿ ಒಂದೇ ಕಾರ್ಡ್ ಬಳಸಲಾಗದು, ತಲೆಗೊಂದು ಬೇಕು.

ಸ್ವಿಟ್ಜರ್ಲೆಂಡಿನಲ್ಲಿ ರೈಲು ಹೊರಡುವ ಮೊದಲೇ ಮೊಬೈಲ್ ಟಿಕೆಟ್ ಕೊಂಡು ಮುಗಿದಿರಬೇಕು. ಹೊರಟಮೇಲೆ ಕೊಂಡದ್ದರ ಸಮಯ ಟಿಕೆಟ್ಟಿನಲ್ಲೇ ದಾಖಲಾಗಿರುತ್ತದೆ, ಟಿಸಿಗೆ ಅದು ಕಾಣುತ್ತದೆ. ಇಂಗ್ಲೆಂಡಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಟಿಕೆಟ್ಟಿನ ಬೆಲೆಯ ಮೇಲೆ 100 ಪೌಂಡ್ ದಂಡ, 21 ದಿನದೊಳಗೆ ಕಟ್ಟಿದರೆ 50. ಜರ್ಮನಿಯಲ್ಲಿ ಕನಿಷ್ಠ 60 ಯೂರೋ.

ಬೋಗಿಯನ್ನೂ ಗಮನಿಸಿ. ಒಂದೇ ರೈಲು ನಡುದಾರಿಯಲ್ಲಿ ಎರಡಾಗಿ ಬೇರೆ ಬೇರೆ ಊರಿಗೆ ಹೋಗುವುದುಂಟು. ಬೋಗಿಯ ಬಾಗಿಲ ಪಕ್ಕದ ಫಲಕದಲ್ಲಿ ನಿಮ್ಮ ಊರಿನ ಹೆಸರು ಇದೆಯೇ ನೋಡಿಯೇ ಹತ್ತಿ. 1 ಎಂದು ದೊಡ್ಡದಾಗಿ ಬರೆದ ಬೋಗಿ ಪ್ರಥಮ ದರ್ಜೆ. ಜಾಗವಿಲ್ಲವೆಂದು ಎರಡನೇ ದರ್ಜೆಯ ಟಿಕೆಟ್ ಹಿಡಿದು ಅಲ್ಲಿ ಕೂತರೂ ದಂಡ.

ಇಟಲಿ, ಫ್ರಾನ್ಸ್ ಕಡೆ ಹೊರಡುವ ಎರಡು ಮೂರು ದಿನ ಮೊದಲು ಮುಷ್ಕರ ಇದೆಯೇ ತಿಳಿದುಕೊಳ್ಳಿ. ಇಟಲಿಯಲ್ಲಿ ಅದಕ್ಕೆ ಷೋಪೆರೋ ಎನ್ನುತ್ತಾರೆ, ಮುಂಚಿತವಾಗಿಯೇ ಘೋಷಣೆಯಾಗುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಗಂಟೆಯ ನಡುವೆ ಅಗತ್ಯದ ಪ್ರಾದೇಶಿಕ ರೈಲುಗಳು ಮುಷ್ಕರದಲ್ಲೂ ಓಡುತ್ತವೆ. ಇನ್ನು, ಡಿಸೆಂಬರ್ ಎರಡನೇ ವಾರಾಂತ್ಯದಲ್ಲಿ ಯೂರೋಪಿನ ವೇಳಾಪಟ್ಟಿ ಬದಲಾಗುತ್ತದೆ. ಮೊದಲೇ ಬುಕ್ ಮಾಡಿದವರು ಆಮೇಲೆ ಮತ್ತೊಮ್ಮೆ ಸಮಯ ನೋಡಿಕೊಳ್ಳಿ.

5. ರೈಲು ತಡವಾದಾಗ

ಮೊದಲು ಹೊಸ ಟಿಕೆಟ್ ಕೊಳ್ಳುವ ಆತುರ ಬೇಡ. ಕ್ರಮವಾಗಿ ಹೀಗೆ ಮಾಡಿ:

ಅ) ಫಲಕದ ಫೋಟೋ ತೆಗೆಯಿರಿ, ರೈಲಿನ ಸಂಖ್ಯೆ, ತಡದ ನಿಮಿಷ, ಸಮಯ ಕಾಣಬೇಕು. ಆ್ಯಪ್‌ನ ಸ್ಕ್ರೀನ್‌ಶಾಟ್ ಕೂಡ. ಮರುದಿನ ಈ ಮಾಹಿತಿ ಆ್ಯಪ್‌ನಲ್ಲಿ ಸಿಗದೆ ಹೋಗಬಹುದು.

ಆ) ಟಿಕೆಟ್ಟಿನ ಕಟ್ಟು ಸಡಿಲವಾಯಿತೇ ನೋಡಿ. ಜರ್ಮನಿಯಲ್ಲಿ ಕೊನೆಯ ಊರಿಗೆ 20 ನಿಮಿಷ ಅಥವಾ ಹೆಚ್ಚು ತಡವಾಗುವ ಸೂಚನೆ ಬಂದರೆ, ಇಲ್ಲವೇ ಕನೆಕ್ಷನ್ ತಪ್ಪುವಂತಾದರೆ ತ್ಸೂಗ್‌ಬಿಂಡುಂಗ್ ತಾನಾಗಿ ಬಿಟ್ಟುಹೋಗುತ್ತದೆ. ಆಗ ಬೇರೆ ಐಸಿಇ ಹತ್ತಬಹುದು. ಆದರೆ ಕಾದಿರಿಸಿದ ಸೀಟು ಹೊಸ ರೈಲಿಗೆ ಬರುವುದಿಲ್ಲ. ಫ್ರಾನ್ಸ್, ಇಟಲಿ, ಸ್ಪೇನ್‌ಗಳಲ್ಲಿ ಸೀಟು ಕಡ್ಡಾಯವಾದ್ದರಿಂದ ಹೀಗೆ ತಾವಾಗಿಯೇ ಹತ್ತದೆ ಕೌಂಟರ್‌ನಲ್ಲೋ ಆ್ಯಪ್‌ನಲ್ಲೋ ಬದಲಿಸಿಕೊಳ್ಳಿ.

ಇ) 60 ನಿಮಿಷ ಅಥವಾ ಹೆಚ್ಚು ತಡವಾಗಿ ತಲುಪುತ್ತದೆ ಎಂದಾದರೆ ಆಯ್ಕೆ ನಿಮ್ಮದು: ಪ್ರಯಾಣ ಬಿಟ್ಟು ಹಣ ವಾಪಸ್, ಸಾಧ್ಯವಾದಷ್ಟು ಬೇಗ ಬೇರೆ ದಾರಿಯಲ್ಲಿ ಪ್ರಯಾಣ, ಅಥವಾ ನಿಮಗೆ ಅನುಕೂಲವಾದ ಮುಂದಿನ ದಿನ. ಅರ್ಧ ದಾರಿಯಲ್ಲಿ ಸಿಕ್ಕಿ ಪ್ರಯಾಣದ ಉದ್ದೇಶವೇ ಕೆಟ್ಟಿದ್ದರೆ, ಹೊರಟ ಊರಿಗೆ ಮರಳಿ ಪೂರ್ತಿ ಹಣ ಕೇಳಬಹುದು. ಹಣ ವಾಪಸ್ ಒಪ್ಪಿಕೊಂಡರೆ ತಡದ ಪರಿಹಾರ ಸಿಗುವುದಿಲ್ಲ, ಮುಂದಕ್ಕೆ ಕಳಿಸುವ ಹೊಣೆಯೂ ಅವರಿಗೆ ಇರುವುದಿಲ್ಲ. ರಾತ್ರಿ ಹೊತ್ತು ಪರಊರಿನಲ್ಲಿ ನಿಂತಿದ್ದಾಗ ದುಡುಕಿ "ದುಡ್ಡು ಕೊಡಿ ಸಾಕು" ಎನ್ನಬೇಡಿ.

ಈ) ಹೊರಡಬೇಕಿದ್ದ ಸಮಯದಿಂದ 100 ನಿಮಿಷದೊಳಗೆ ಪರ್ಯಾಯ ದಾರಿ ಯಾವುದೆಂದು ಕಂಪನಿ ತಿಳಿಸದಿದ್ದರೆ, ನೀವೇ ಇನ್ನೊಂದು ರೈಲು ಅಥವಾ ಬಸ್ಸಿನ ಟಿಕೆಟ್ ಕೊಂಡು ಆ ಖರ್ಚು ಕೇಳಬಹುದು. ಖರ್ಚು ಅಗತ್ಯಕ್ಕೆ ತಕ್ಕಷ್ಟು ಇರಬೇಕು. ಟ್ಯಾಕ್ಸಿ, ವಿಮಾನ ಈ ನಿಯಮದಲ್ಲಿ ಬರುವುದಿಲ್ಲ.

ಉ) ಒಂದು ಗಂಟೆ ದಾಟಿದ ತಡಕ್ಕೆ ಕಾಯುವ ಸಮಯಕ್ಕೆ ತಕ್ಕಂತೆ ಊಟ ತಿಂಡಿ, ರಾತ್ರಿ ಉಳಿಯಬೇಕಾದರೆ ಹೋಟೆಲು ಮತ್ತು ಅಲ್ಲಿಗೆ ಹೋಗಿಬರುವ ವ್ಯವಸ್ಥೆ ರೈಲ್ವೆಯ ಹೊಣೆ. ಮಾಹಿತಿ ಕೌಂಟರ್‌ನಲ್ಲಿ ಮೊದಲು ಕೇಳಿ. ಕೌಂಟರ್ ಮುಚ್ಚಿದ್ದರೆ ಮುಚ್ಚಿದ್ದರ ಫೋಟೋ ತೆಗೆದು, ಸಾಧಾರಣ ಹೋಟೆಲು ಹಿಡಿದು ರಸೀದಿ ಇಟ್ಟುಕೊಳ್ಳಿ. ರಸೀದಿ ಇಲ್ಲದೆ ಒಂದು ಯೂರೋ ಕೂಡ ಹುಟ್ಟುವುದಿಲ್ಲ.

6. ಪರಿಹಾರ ಕೇಳುವುದು

ಐರೋಪ್ಯ ಒಕ್ಕೂಟದ 2021/782 ಸಂಖ್ಯೆಯ ನಿಯಮ 2023ರ ಜೂನ್ 7ರಿಂದ ಜಾರಿಯಲ್ಲಿದೆ. 60ರಿಂದ 119 ನಿಮಿಷದ ತಡಕ್ಕೆ ಟಿಕೆಟ್ ಬೆಲೆಯ ಶೇ. 25, 120 ನಿಮಿಷ ಅಥವಾ ಹೆಚ್ಚಾದರೆ ಶೇ. 50. 80 ಯೂರೋ ಟಿಕೆಟ್ಟಿಗೆ 70 ನಿಮಿಷ ತಡವಾದರೆ 20 ಯೂರೋ, 130 ನಿಮಿಷವಾದರೆ 40. ಹೋಗಿಬರುವ ಟಿಕೆಟ್ ಆಗಿದ್ದರೆ ಅರ್ಧ ಬೆಲೆಯ ಮೇಲೆ ಲೆಕ್ಕ. 4 ಯೂರೋಗಿಂತ ಕಡಿಮೆ ಬರುವಂತಿದ್ದರೆ ಕೊಡದೆ ಇರಬಹುದು. ನಗರದ ಲೋಕಲ್ ರೈಲುಗಳನ್ನು ಕೆಲವು ದೇಶಗಳು ಇದರಿಂದ ಹೊರಗಿಟ್ಟಿವೆ. ಫ್ರಾನ್ಸಿನ ಟಿಜಿವಿ ಇನ್ವಿ ಮತ್ತು ಇಂಟರ್‌ಸಿಟೆ ರೈಲುಗಳಲ್ಲಿ ಇನ್ನೂ ಉದಾರ, 30 ನಿಮಿಷದಿಂದಲೇ ಪರಿಹಾರ ಶುರು. ಬ್ರಿಟನ್ನಿನಲ್ಲಿ ಡಿಲೇ ರಿಪೇ ಎನ್ನುವ ಪ್ರತ್ಯೇಕ ಪದ್ಧತಿ, ಕಂಪನಿ ಯಾವುದೆಂಬುದರ ಮೇಲೆ 15 ಅಥವಾ 30 ನಿಮಿಷದಿಂದ ಆರಂಭ, 28 ದಿನದೊಳಗೆ ಅರ್ಜಿ ಹಾಕಬೇಕು.

ವಿಪರೀತ ಹವಾಮಾನ, ಹಳಿಯ ಮೇಲೆ ಜನ, ಕೇಬಲ್ ಕಳವು, ವಿಧ್ವಂಸಕ ಕೃತ್ಯಗಳಿಂದಾದ ತಡಕ್ಕೆ ಪರಿಹಾರದ ಹಣ ಕೊಡಬೇಕಿಲ್ಲ. ಆದರೆ ಮುಂದಕ್ಕೆ ಕಳಿಸುವುದು, ಊಟ, ಹೋಟೆಲು ಆಗಲೂ ಕೊಡಲೇಬೇಕು; ಹೋಟೆಲನ್ನು ಮಾತ್ರ 3 ರಾತ್ರಿಗೆ ಮಿತಿಗೊಳಿಸಬಹುದು. ರೈಲ್ವೆಯ ಸ್ವಂತ ಸಿಬ್ಬಂದಿಯ ಮುಷ್ಕರ ಈ ವಿನಾಯಿತಿಯಲ್ಲಿ ಸೇರಿಲ್ಲ. "ಮುಷ್ಕರವಿತ್ತು, ಕೊಡಲಾಗದು" ಎಂಬ ಉತ್ತರ ಬಂದರೆ ಒಪ್ಪಬೇಡಿ.

ಅರ್ಜಿಯನ್ನು ಟಿಕೆಟ್ ಕೊಟ್ಟ ಕಂಪನಿಯ ಜಾಲತಾಣದಲ್ಲೋ ಆ್ಯಪ್‌ನಲ್ಲೋ ಹಾಕಿ. ಮೂರು ತಿಂಗಳು ದಾಟಿಸಬೇಡಿ. ಯೂರೇಲ್ ಪಾಸಿನವರು ರೈಲು ಕಂಪನಿಗಲ್ಲ, ಯೂರೇಲ್‌ಗೇ ಕೇಳಬೇಕು. ಟಿಕೆಟ್, ಫಲಕದ ಫೋಟೋ, ರಸೀದಿ, ನಿಜವಾಗಿ ಹತ್ತಿದ ರೈಲಿನ ಸಂಖ್ಯೆ ಸೇರಿಸಿ. ಕೇಳಿದ ಒಂದು ತಿಂಗಳಲ್ಲಿ ಹಣ ಬರಬೇಕು. ವೋಚರ್ ಕೊಡುತ್ತೇವೆ ಎಂದರೆ, ಮತ್ತೆ ಆ ದೇಶಕ್ಕೆ ಹೋಗದವರು ನಗದು ಬೇಕೆಂದು ಬರೆಯಿರಿ. ಹಾಗೆ ಕೇಳುವ ಹಕ್ಕಿದೆ.

ಇಲ್ಲಿ ಭಾರತದವರಿಗೆ ಒಂದು ತೊಡಕು. ಅರ್ಜಿಯಲ್ಲಿ ಐಬಿಎಎನ್ ಎಂಬ ಖಾತೆ ಸಂಖ್ಯೆ ಕೇಳುತ್ತಾರೆ, ನಮ್ಮ ಬ್ಯಾಂಕುಗಳಲ್ಲಿ ಅದಿಲ್ಲ. ಖಾತೆ ಸಂಖ್ಯೆಯನ್ನೇ ಆ ಜಾಗಕ್ಕೆ ತುಂಬಿದರೆ ಅರ್ಜಿ ಮುಂದೆ ಹೋಗುವುದಿಲ್ಲ. ಟಿಕೆಟ್ ಕೊಂಡ ಕಾರ್ಡಿಗೇ ವಾಪಸ್ ಹಾಕಿ, ಆಗದಿದ್ದರೆ ಸ್ವಿಫ್ಟ್ ಕೋಡ್ ಇರುವ ಖಾತೆಗೆ ಕಳಿಸಿ ಎಂದು ಗ್ರಾಹಕ ವಿಭಾಗಕ್ಕೆ ಬರೆಯಿರಿ. ಅಲ್ಲೇ ಓದುತ್ತಿರುವ ಮಗಳೋ ಮಗನೋ ಇದ್ದರೆ, ಅವರ ಖಾತೆಗೆ ಹಾಕಲು ಒಪ್ಪುತ್ತಾರೆಯೇ ಕೇಳಿ.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಪಡೆಯಿರಿ. ಪ್ರತಿ ಸದಸ್ಯ ದೇಶದಲ್ಲೂ ಪ್ರಯಾಣಿಕರ ಹಕ್ಕುಗಳ ಜಾರಿಗೆ ಒಂದು ಸರಕಾರಿ ಸಂಸ್ಥೆ ಇದೆ, ಜರ್ಮನಿಯಲ್ಲಿ ಅದು ಐಸನ್‌ಬಾನ್ ಬುಂಡೆಸ್‌ಆಮ್ಟ್. ಕಂಪನಿಯ ಉತ್ತರದ ಪ್ರತಿಯನ್ನು ಜೊತೆಗಿಟ್ಟು ಅಲ್ಲಿಗೆ ದೂರು ಕಳಿಸಬಹುದು.